ಸಿಂಧೂ ಕೆಳಬಯಲಿನ ಬಿಸಿಲು ಮತ್ತು ಮಳೆ: ಇತಿಹಾಸಕಾರರ ಕಾರಣವಿಚಾರದ ಒಂದು ವಿಮರ್ಶೆ

1

ಸಿಂಧೂ ನಾಗರಿಕತೆಯ ಅವನತಿಗೆ ಕಾರಣಗಳೇನು ಎಂಬ ಪ್ರಶ್ನೆ ನಮ್ಮ ಕಾಲೇಜುಗಳ ಪ್ರಶ್ನಪತ್ರಿಕೆಗಳಿಗೆ ಹೊಸದಲ್ಲ. ಅದಕ್ಕೆ ವಿದ್ಯಾರ್ಥಿಗಳು ಬರೆಯುವ ಉತ್ತರದ ರೂಪವೂ ಬಹುಮಟ್ಟಿಗೆ ನಿಶ್ಚಿತವಾಗಿದೆ. ಪ್ರವಾಹ ಒಂದು, ಅನಾವೃಷ್ಟಿ ಎರಡು, ನದಿಯು ಪಾತ್ರವನ್ನು ಬದಲಿಸಿದುದು ಮೂರು, ಕಾಡಿನ ನಾಶ ನಾಲ್ಕು, ಹೊರಗಿನವರ ದಾಳಿ ಐದು. ಪ್ರತಿಯೊಂದು ಕಾರಣಕ್ಕೂ ಒಬ್ಬೊಬ್ಬ ವಿದ್ವಾಂಸನ ಹೆಸರನ್ನು ಜೋಡಿಸಿದರೆ ಉತ್ತರ ಪೂರ್ಣವಾಯಿತೆಂದು ಬರೆದವರೂ ತಿದ್ದುವವರೂ ತೃಪ್ತರಾಗುತ್ತಾರೆ. ಈ ಪಟ್ಟಿಯಲ್ಲಿ ನೀರು ಹೆಚ್ಚಾಯಿತೆಂಬ ಮಾತೂ ನೀರು ಕಡಮೆಯಾಯಿತೆಂಬ ಮಾತೂ ಒಂದರ ಕೆಳಗೆ ಒಂದು ನಿಂತಿವೆ. ಒಂದೇ ನೆಲದ ವಿಷಯದಲ್ಲಿ ಇವೆರಡನ್ನೂ ಹೇಳುವುದು ಹೇಗೆ, ಇವುಗಳ ನಡುವೆ ಸಂಬಂಧವುಂಟೆ, ಇದ್ದರೆ ಅದು ಯಾವ ಬಗೆಯದು ಎಂದು ಕೇಳುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ.

ದೋಷವು ವಿದ್ಯಾರ್ಥಿಗಳದಷ್ಟೇ ಅಲ್ಲ. ಸಿಂಧೂ ಕೆಳಬಯಲಿನ ಪ್ರಾಚೀನ ವಾಯುಗುಣವನ್ನು ಕುರಿತು 1931 ರಿಂದ ಇತ್ತೀಚಿನವರೆಗೆ ನಡೆದಿರುವ ಚರ್ಚೆಯನ್ನು ಅವಲೋಕಿಸಿದರೆ ಅದರ ಮೂಲದಲ್ಲಿಯೇ ಈ ವಿಂಗಡಣೆ ಕಾಣುತ್ತದೆ. ಬಿಸಿಲನ್ನು ಬೇರೆಯಾಗಿ, ಮಳೆಯನ್ನು ಬೇರೆಯಾಗಿ, ನದಿಯನ್ನು ಬೇರೆಯಾಗಿ ವಿಚಾರಿಸಿ, ಕೊನೆಗೆ ಯಾವುದಾದರೊಂದಕ್ಕೆ ತೀರ್ಪನ್ನು ಕೊಡುವುದು ಅಲ್ಲಿನ ರೂಢಿ. 2010 ಮತ್ತು 2022 ರಲ್ಲಿ ಅದೇ ಬಯಲಿನಲ್ಲಿ ನಡೆದ ಸಂಗತಿಗಳು ಈ ರೂಢಿಯನ್ನು ಪುನಃ ಪರೀಕ್ಷಿಸುವಂತೆ ಮಾಡಿವೆ. ಅಂಥ ಪರೀಕ್ಷೆಯೇ ಪ್ರಕೃತ ಲೇಖನದ ಉದ್ದೇಶ. ನಾಗರಿಕತೆಯ ಅವನತಿಗೆ ಹೊಸದೊಂದು ಕಾರಣವನ್ನು ಸೂಚಿಸುವುದು ನಮ್ಮ ಗುರಿಯಲ್ಲ; ಕಾರಣವನ್ನು ಹೇಳುವ ಕ್ರಮವನ್ನು ವಿಮರ್ಶಿಸುವುದಷ್ಟೇ ನಮ್ಮ ಗುರಿ.

2

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಸುಕ್ಕೂರಿನಿಂದ ಕಡಲವರೆಗೆ ಸಿಂಧ್ ಪ್ರಾಂತವು ನದಿಯು ತಂದು ಹರಡಿದ ಮೆಕ್ಕಲು ಮಣ್ಣಿನ ತಗ್ಗುಬಯಲು. ಅದರ ಇಳಿಜಾರು ಅತ್ಯಲ್ಪ. ಸಹಸ್ರಾರು ವರ್ಷಗಳಿಂದ ಹೂಳನ್ನು ತನ್ನ ದಡಗಳಲ್ಲಿಯೇ ಒಟ್ಟಿಕೊಂಡು ಬಂದಿರುವ ನದಿಯು ಸುತ್ತಲಿನ ಬಯಲಿಗಿಂತ ಎತ್ತರವಾದ ಏಣಿನ ಮೇಲೆ ಹರಿಯುತ್ತದೆ. ಆದಕಾರಣ ಒಮ್ಮೆ ದಡವನ್ನು ಮೀರಿ ಹೊರಬಿದ್ದ ನೀರು ಸುಲಭವಾಗಿ ನದಿಗೆ ಹಿಂದಿರುಗಲಾರದು. ತಗ್ಗಿದ್ದೆಡೆ ನಿಂತು, ಬಿಸಿಲಿಗೆ ಆರಿ ಹೋಗಬೇಕು. ಬಯಲಿನ ಮೇಲೆಯೇ ಸುರಿದ ಮಳೆಯ ಗತಿಯೂ ಇದೇ.

ಇನ್ನು ವಾಯುಗುಣ. ಉತ್ತರ ಸಿಂಧ್‌ನ ಜೇಕೋಬಾಬಾದಿನಲ್ಲಿ ಮೇ ಮತ್ತು ಜೂನ್ ತಿಂಗಳ ಹಗಲಿನ ಸರಾಸರಿ ಗರಿಷ್ಠ ತಾಪವೇ 44 ಡಿಗ್ರಿ ಸೆಲ್ಸಿಯಸ್ಸಿನ ಸುತ್ತಮುತ್ತ ಇರುತ್ತದೆ. ಪ್ರಾಂತದ ಬಹುಭಾಗದಲ್ಲಿ ವಾರ್ಷಿಕ ಮಳೆ 200 ಮಿಲಿಮೀಟರಿಗಿಂತ ಕಡಮೆ. ಉತ್ತರದಲ್ಲಿ ಸುಮಾರು 100 ಮಿಲಿಮೀಟರ್. ಬೇಸಗೆಯ ಬಿಸಿಲಿಗೆ ಸಿಂಧ್, ಬಲೂಚಿಸ್ತಾನ ಮತ್ತು ಥಾರ್ ಮರುಭೂಮಿಗಳ ನೆಲ ಕಾದು ಅಲ್ಲಿ ವಾಯುಭಾರ ಕುಸಿಯುತ್ತದೆ. ಕಡಲಿನ ತೇವವನ್ನು ಉಪಖಂಡದತ್ತ ಸೆಳೆಯುವ ವ್ಯವಸ್ಥೆಯಲ್ಲಿ ಈ ಕುಸಿತಕ್ಕೂ ಪಾಲುಂಟು. ಆದರೆ ಮೇಲ್ಪದರಗಳಲ್ಲಿ ಪಶ್ಚಿಮದಿಂದ ಬರುವ ಒಣಗಾಳಿ ಮುಚ್ಚಳದಂತೆ ಕವಿದುಕೊಳ್ಳುವುದರಿಂದ ಸಾಮಾನ್ಯ ವರ್ಷಗಳಲ್ಲಿ ಮೋಡ ಅಲ್ಲಿ ಬೆಳೆಯುವುದಿಲ್ಲ. ಮಳೆಗಾಳಿಗೆ ಕರೆಯೋಲೆ ಕಳುಹಿಸುವ ನೆಲವೇ ಮಳೆಯಿಲ್ಲದೆ ಉಳಿಯುವುದು ಈ ಪ್ರದೇಶದ ವೈಚಿತ್ರ್ಯ.

ಈ ನೆಲವನ್ನು ಕುರಿತ ಅತಿ ಪ್ರಾಚೀನ ಹೊರನಾಡಿನ ವರದಿಗಳಲ್ಲಿ ಅಲೆಗ್ಸಾಂಡರನೊಡನೆ ಬಂದಿದ್ದ ಅರಿಸ್ಟೋಬುಲಸನದು ಮುಖ್ಯವಾದುದು. ಅವನ ಗ್ರಂಥ ಉಳಿದಿಲ್ಲ. ಸ್ಟ್ರೇಬೋ ಅದರಿಂದ ಆಯ್ದು ಹೇಳಿರುವ ಸಂಗತಿಗಳು ಉಳಿದಿವೆ. ಮಳೆಯೂ ಹಿಮವೂ ಬೆಟ್ಟಗಳಲ್ಲಿ ಬೀಳುತ್ತವೆ, ಬಯಲು ನದಿಗಳ ಉಕ್ಕಿನಿಂದ ಮಾತ್ರ ನೆನೆಯುತ್ತದೆ ಎಂಬುದು ಅವುಗಳಲ್ಲಿ ಒಂದು. ಸಿಂಧೂ ನದಿ ತನ್ನ ಪಾತ್ರವನ್ನು ಬಿಟ್ಟು ಬೇರೆಡೆಗೆ ಸರಿದುದರಿಂದ ಪಾಳುಬಿದ್ದ ಸಾವಿರಕ್ಕೂ ಮಿಗಿಲಾದ ಊರುಗಳ ನಾಡನ್ನು ಅವನು ಕಂಡನೆಂಬುದು ಇನ್ನೊಂದು. ನೀರು ನದಿಯಿಂದ, ಬಿಸಿಲು ಬಾನಿನಿಂದ ಎಂಬ ಈ ಚಿತ್ರ ಬಹುಮಟ್ಟಿಗೆ ನಿಜವೇ. ಅದು ಬಹುಮಟ್ಟಿಗೆ ನಿಜವಾದುದರಿಂದಲೇ ಮುಂದಿನ ಇತಿಹಾಸಕಾರರು ಅದನ್ನು ಯಾವಾಗಲೂ ನಿಜವೆಂದು ಭಾವಿಸುವಂತಾಯಿತು.

3

ಮೊಹೆಂಜೊದಾರೊವಿನ ಪ್ರಾಚೀನತೆಯನ್ನು ರಾಖಾಲದಾಸ ಬ್ಯಾನರ್ಜಿಯವರು 1922 ರಲ್ಲಿ ಗುರುತಿಸಿದರು. 1931 ರಲ್ಲಿ ಸರ್ ಜಾನ್ ಮಾರ್ಷಲ್ ಮೂರು ಸಂಪುಟಗಳ ವರದಿಯನ್ನು ಪ್ರಕಟಿಸಿದರು. ಪ್ರಾಚೀನ ಸಿಂಧ್ ಇಂದಿನದಕ್ಕಿಂತ ಹೆಚ್ಚು ಮಳೆಯ ನಾಡಾಗಿತ್ತೆಂಬುದು ಮಾರ್ಷಲರ ಮತ. ಅದಕ್ಕೆ ಅವರು ಕೊಟ್ಟ ಆಧಾರಗಳು ಮೂರು: ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆ ಸಾಕಾಗುವೆಡೆಯಲ್ಲಿ ಸುಟ್ಟ ಇಟ್ಟಿಗೆಯನ್ನು ಯಥೇಚ್ಛವಾಗಿ ಬಳಸಿರುವುದು, ಬೀದಿಬೀದಿಗೂ ಚರಂಡಿಗಳನ್ನು ಕಟ್ಟಿರುವುದು, ಮುದ್ರೆಗಳ ಮೇಲೆ ಹುಲಿ, ಆನೆ, ಖಡ್ಗಮೃಗಗಳನ್ನು ಕೊರೆದಿರುವುದು.

ಈ ಆಧಾರಗಳು ಬಿಗಿಯಾದ ಪರೀಕ್ಷೆಯನ್ನು ತಾಳಲಿಲ್ಲ. ರಾಬರ್ಟ್ ರೈಕ್ಸ್ ಮತ್ತು ರಾಬರ್ಟ್ ಡೈಸನ್ 1961 ರಲ್ಲಿ ಇವನ್ನು ಪರಿಶೀಲಿಸಿ, ಹರಪ್ಪ ಕಾಲದಿಂದ ಈಚೆಗೆ ಅಲ್ಲಿನ ವಾಯುಗುಣ ಗಮನಾರ್ಹವಾಗಿ ಬದಲಾಗಿಲ್ಲವೆಂಬ ನಿರ್ಣಯಕ್ಕೆ ಬಂದರು. ಅವರ ವಾದದ ದಿಕ್ಕು ಸರಿಯಾದುದೆಂದು ನಮಗೆ ತೋರುತ್ತದೆ. ಬಚ್ಚಲ ನೀರು ಹರಿಯಲೂ ಚರಂಡಿ ಬೇಕು. ಅದಕ್ಕೆ ಮಳೆಯೇ ಬೇಕೆಂದಿಲ್ಲ. ಹುಲಿ, ಖಡ್ಗಮೃಗಗಳಿಗೆ ನದಿಯ ದಡದ ಜೊಂಡೂ ಪೊದೆಗಾಡೂ ಸಾಕು. ಬಾಬರನು 1519 ರಲ್ಲಿ ಪೇಶಾವರದ ಆಸುಪಾಸಿನಲ್ಲಿ ಖಡ್ಗಮೃಗದ ಬೇಟೆಯಾಡಿದ್ದನು. ಸಿಂಧೂ ದಡದ ಕಾಡುಗಳಲ್ಲಿ ಹುಲಿಯು ಹತ್ತೊಂಬತ್ತನೆಯ ಶತಮಾನದವರೆಗೂ ಉಳಿದಿತ್ತು. ಈ ಎರಡು ಸಂದರ್ಭಗಳಲ್ಲಿಯೂ ಅಲ್ಲಿ ವರ್ಷವರ್ಷವೂ ಧಾರಾಕಾರವಾಗಿ ಮಳೆ ಸುರಿಯುತ್ತಿತ್ತೆಂದು ಯಾರೂ ಹೇಳುವುದಿಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಮಾರ್ಷಲರು ವಾದಿಸಿದುದು ಸರಾಸರಿ ಮಳೆಯನ್ನು ಕುರಿತು. ರೈಕ್ಸ್ ಮತ್ತು ಡೈಸನ್ ಖಂಡಿಸಿದುದೂ ಸರಾಸರಿ ಮಳೆಯನ್ನೇ. ಸರಾಸರಿ ಒಂದೇ ಆಗಿದ್ದು ಮಳೆಯ ನಡತೆ ಬೇರೆಯಾಗಿರಬಹುದೆಂಬುದನ್ನು ಇಬ್ಬರೂ ಚರ್ಚೆಯ ಕೇಂದ್ರಕ್ಕೆ ತರಲಿಲ್ಲ. ಒಂದು ಲೆಕ್ಕವನ್ನು ಉದಾಹರಣೆಗಾಗಿ ಮಾಡಿ ನೋಡಬಹುದು. ಒಂದೂರಿನಲ್ಲಿ ಹತ್ತು ವರ್ಷವೂ 110 ಮಿಲಿಮೀಟರ್ ಮಳೆಯಾಯಿತೆನ್ನೋಣ. ಇನ್ನೊಂದೂರಿನಲ್ಲಿ ಒಂಬತ್ತು ವರ್ಷ 60 ಮಿಲಿಮೀಟರ್ ಆಗಿ ಹತ್ತನೆಯ ವರ್ಷ 560 ಆಯಿತೆನ್ನೋಣ. ಎರಡು ಊರುಗಳ ಸರಾಸರಿಯೂ 110. ಮೊದಲನೆಯ ಊರು ಬಡವಾಗಿಯಾದರೂ ಬದುಕುತ್ತದೆ. ಎರಡನೆಯದು ಒಂಬತ್ತು ವರ್ಷ ಬಾಯಾರಿ ಹತ್ತನೆಯ ವರ್ಷ ಮುಳುಗುತ್ತದೆ. ವಾಯುಗುಣ ಬದಲಾಗಿಲ್ಲವೆಂಬ ವಾಕ್ಯ ಇವೆರಡನ್ನೂ ಒಂದೇ ಎಂದು ಸಾಧಿಸಿಬಿಡುತ್ತದೆ.

ಮುಂದೆ ರೈಕ್ಸರೇ ಪ್ರವಾಹದ ವಾದಕ್ಕೆ ಪ್ರಧಾನ ಪ್ರತಿಪಾದಕರಾದರು. ಭೂವಿಜ್ಞಾನಿ ಎಂ. ಆರ್. ಸಾಹನಿಯವರು 1956 ರಲ್ಲಿ ಸೂಚಿಸಿದ್ದ ವಿಚಾರವನ್ನು ಬೆಳೆಸಿ, ಮೊಹೆಂಜೊದಾರೊವಿನ ದಕ್ಷಿಣಕ್ಕೆ ಸೆಹ್ವಾನ್ ಬಳಿ ಭೂಮಿಯು ಉಬ್ಬಿ ನದಿಗೆ ಅಡ್ಡವಾಗಿ ಕಟ್ಟೆಯಾಯಿತೆಂದೂ, ಹಿಂದೆ ನಿಂತ ನೀರು ನಗರವನ್ನು ಮತ್ತೆ ಮತ್ತೆ ಮುಳುಗಿಸಿತೆಂದೂ ಅವರು 1964 ಮತ್ತು 1965 ರ ಲೇಖನಗಳಲ್ಲಿ ಪ್ರತಿಪಾದಿಸಿದರು. ಜಾರ್ಜ್ ಡೇಲ್ಸ್ ಇದಕ್ಕೆ ಬೆಂಬಲವಿತ್ತರು; 1947 ರಲ್ಲಿ ವೀಲರ್ ಮಂಡಿಸಿದ್ದ ಆರ್ಯರ ದಾಳಿಯ ಕಥೆಯನ್ನು 1964 ರಲ್ಲಿ ಸಮರ್ಥವಾಗಿ ಖಂಡಿಸಿದವರು ಇವರೇ. ಸಿಂಧ್‌ನಲ್ಲಿ ಅಧಿಕಾರಿಯಾಗಿದ್ದು ಆ ನೆಲವನ್ನು ಕಣ್ಣಾರೆ ಬಲ್ಲ ಲ್ಯಾಂಬ್ರಿಕ್ 1967 ರಲ್ಲಿ ಇದಕ್ಕೆ ಉತ್ತರ ಬರೆದರು. ಸಡಿಲ ಮಣ್ಣಿನ ಕಟ್ಟೆ ಸಿಂಧೂವಿನಂಥ ನದಿಯನ್ನು ತಡೆದು ನಿಲ್ಲಿಸಲಾರದು; ಪ್ರವಾಹದ ಹೂಳೆಂದು ತೋರಿಸಿದುದು ಗಾಳಿಮಳೆಗಳಿಗೆ ಕರಗಿದ ಹಸಿ ಇಟ್ಟಿಗೆಯ ಮಣ್ಣಾಗಿರಬಹುದು; ನದಿಯು ದೂರ ಸರಿದುದರಿಂದ ನಗರದ ಹೊಲಗಳು ನೀರಿಲ್ಲದೆ ಬಾಡಿದುವೆಂಬುದೇ ಸಂಭಾವ್ಯ ಎಂದು ಅವರ ವಾದ.

ಈ ವಿವಾದದಲ್ಲಿ ಲ್ಯಾಂಬ್ರಿಕ್ಕರ ಪಕ್ಷ ಹೆಚ್ಚು ಬಲವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ವಾದಿ ಪ್ರತಿವಾದಿಗಳಿಬ್ಬರೂ ಒಪ್ಪಿಕೊಂಡ ಒಂದು ಪೂರ್ವಗೃಹೀತವಿದೆ. ನಗರದ ಅದೃಷ್ಟವನ್ನು ನಿರ್ಣಯಿಸುವುದು ನದಿಯೊಂದೇ. ಒಬ್ಬರ ಮತದಲ್ಲಿ ಅದು ತೀರ ಹತ್ತಿರ ಬಂದಿತು, ಇನ್ನೊಬ್ಬರ ಮತದಲ್ಲಿ ತೀರ ದೂರ ಹೋಯಿತು. ಹಸಿ ಇಟ್ಟಿಗೆಯನ್ನು ಕರಗಿಸಿದ ಮಳೆ ಲ್ಯಾಂಬ್ರಿಕ್ಕರ ವಾದದೊಳಗೆ ಹಿಂಬಾಗಿಲಿನಿಂದ ಬಂದು ಹಾಗೆಯೇ ಹೊರಟುಹೋಗುತ್ತದೆ. ಅದು ಎಂಥ ಮಳೆ, ಎಷ್ಟು ವರ್ಷಕ್ಕೊಮ್ಮೆ, ಯಾವ ಬೇಸಗೆಯ ಹಿಂದೆ ಬಂದುದು ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ.

4

1971 ರಿಂದ ಈಚೆಗೆ ಚರ್ಚೆಯ ಸಾಮಗ್ರಿ ಬದಲಾಯಿತು. ಗುರ್‌ದೀಪ್ ಸಿಂಗ್ ರಾಜಸ್ಥಾನದ ಉಪ್ಪುಕೆರೆಗಳ ತಳದಲ್ಲಿ ಸಿಕ್ಕಿದ ಪರಾಗವನ್ನು ಪರಿಶೀಲಿಸಿ, ಹರಪ್ಪ ನಾಗರಿಕತೆಯ ಏಳಿಗೆಗೂ ಮಳೆಯ ಹೆಚ್ಚಳಕ್ಕೂ, ಅದರ ಇಳಿತಕ್ಕೂ ಮಳೆಯ ಕೊರತೆಗೂ ಸಂಬಂಧವನ್ನು ಕಲ್ಪಿಸಿದರು. 1999 ರಲ್ಲಿ ಎನ್ಸೆಲ್ ಮತ್ತು ಸಂಗಡಿಗರು ಲೂಣಕರಣಸರ ಕೆರೆಯ ಪದರಗಳನ್ನು ಅಭ್ಯಸಿಸಿ, ನಗರಗಳು ಉಚ್ಛ್ರಾಯಕ್ಕೆ ಬರುವ ಮೊದಲೇ ಆ ಕೆರೆ ಒಣಗಿತ್ತೆಂದು ತೋರಿಸಿದರು. 2012 ರಲ್ಲಿ ಲಿವಿಯು ಜಿಯೋಸನ್ ಮತ್ತು ಸಂಗಡಿಗರು ನದಿಬಯಲಿನ ಭೂರೂಪಗಳನ್ನು ಪರಿಶೀಲಿಸಿ ಮತ್ತೊಂದು ಮಾತನ್ನು ಹೇಳಿದರು: ಮುಂಗಾರು ಕ್ಷೀಣಿಸಿದಂತೆ ಪ್ರವಾಹಗಳ ಉಗ್ರತೆ ತಗ್ಗಿ ಬಯಲು ಮೊದಲು ಬೇಸಾಯಕ್ಕೆ ಅನುಕೂಲವಾಯಿತು, ಅದೇ ಕ್ಷೀಣತೆ ಮುಂದುವರಿದಾಗ ನೀರು ಸಾಲದೆ ಜನ ಪೂರ್ವಕ್ಕೆ ಸರಿದರು. 2018 ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಸ್ಥೆ, ಮೇಘಾಲಯದ ಮಾವ್‌ಮ್ಲೂ ಗುಹೆಯ ಸುಣ್ಣದ ಕಂಬವೊಂದನ್ನು ಆಧಾರವಾಗಿಟ್ಟು, ಸುಮಾರು 4200 ವರ್ಷಗಳ ಹಿಂದೆ ಪ್ರಾರಂಭವಾದ ಯುಗಕ್ಕೆ ಮೇಘಾಲಯನ್ ಎಂಬ ಹೆಸರನ್ನು ಅಂಗೀಕರಿಸಿತು.

ಇವೆಲ್ಲವೂ ಬೆಲೆಯುಳ್ಳ ಕೆಲಸಗಳು. ಜಿಯೋಸನ್ನರ ಪ್ರತಿಪಾದನೆಯಲ್ಲಿ ವಿಶೇಷವಾದ ಗುಣವೊಂದಿದೆ: ಒಂದೇ ಕಾರಣ ಒಂದು ಹಂತದಲ್ಲಿ ಉಪಕಾರಿಯಾಗಿ ಇನ್ನೊಂದು ಹಂತದಲ್ಲಿ ಅಪಕಾರಿಯಾಗಬಹುದೆಂಬುದನ್ನು ಅದು ಕಾಣಿಸಿಕೊಟ್ಟಿತು. ಆದರೂ ಈ ಸಾಮಗ್ರಿಗೆ ಸ್ವಭಾವಸಿದ್ಧವಾದ ಒಂದು ಮಿತಿಯಿದೆ. ಕೆರೆಯ ಕೆಸರು ಹಲವು ದಶಕಗಳ, ಕೆಲವೆಡೆ ಶತಮಾನಗಳ ಮಳೆಯನ್ನು ಒಟ್ಟುಗೂಡಿಸಿ ಹೇಳುತ್ತದೆ. ಒಂದು ವರ್ಷದ ಚೈತ್ರದಲ್ಲಿ ಬಿಸಿಲು ಹೇಗಿತ್ತು, ಅದೇ ವರ್ಷದ ಶ್ರಾವಣದಲ್ಲಿ ಮಳೆ ಎಷ್ಟಾಯಿತು ಎಂಬುದನ್ನು ಅದು ಹೇಳಲಾರದು. ರೈತನ ಪಾಲಿಗೆ ಕಾಲದ ಅಳತೆ ಬೆಳೆ. ನಗರದ ಕಣಜಕ್ಕೆ ಅಳತೆ ಎರಡು ಬೆಳೆಗಳ ನಡುವಣ ಅಂತರ. ಶತಮಾನದ ಸರಾಸರಿಯಿಂದ ಆ ಅಂತರದಲ್ಲಿ ನಡೆದುದನ್ನು ಊಹಿಸಲು ಹೊರಟರೆ ಆಧಾರಕ್ಕೆ ಮೀರಿದ ಭಾರವನ್ನು ಹೊರಿಸಿದಂತಾಗುತ್ತದೆ.

5

ಬಿಸಿಲು ಮತ್ತು ಮಳೆಗಳ ಅತಿರೇಕಗಳು ಜತೆಗೂಡುವುದು ಎಂದರೇನು? ಇದಕ್ಕೆ ಕನಿಷ್ಠ ಮೂರು ಅರ್ಥಗಳುಂಟು, ಇವನ್ನು ಬೆರಸಬಾರದು.

ಮೊದಲನೆಯದು, ಅತಿ ಬಿಸಿಲು ಮತ್ತು ಅನಾವೃಷ್ಟಿ ಒಂದೇ ಕಾಲದಲ್ಲಿ ಬರುವುದು. ಬಿಸಿನಾಡುಗಳ ಬೇಸಗೆಯಲ್ಲಿ ಇದು ಆಕಸ್ಮಿಕವಲ್ಲ. ನೆಲದಲ್ಲಿ ತೇವವಿದ್ದರೆ ಬಿಸಿಲಿನ ಒಂದು ಪಾಲು ಅದನ್ನು ಆವಿಮಾಡುವುದರಲ್ಲಿ ವ್ಯಯವಾಗುತ್ತದೆ. ತೇವವಿಲ್ಲದಿದ್ದರೆ ಬಿಸಿಲೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ಆದ್ದರಿಂದ ಒಣ ವರ್ಷವೇ ಬಿಸಿ ವರ್ಷವಾಗುವ ಸಂಭವ ಹೆಚ್ಚು. ಹತ್ತು ವರ್ಷಕ್ಕೊಮ್ಮೆ ಬರುವ ಬಿಸಿಲು, ಹತ್ತು ವರ್ಷಕ್ಕೊಮ್ಮೆ ಬರುವ ಬರ, ಇವೆರಡೂ ಪರಸ್ಪರ ಸಂಬಂಧವಿಲ್ಲದವಾಗಿದ್ದರೆ ಕೂಡಿ ಬರುವುದು ನೂರು ವರ್ಷಕ್ಕೊಮ್ಮೆ. ಆದರೆ ಬಿಸಿ ವರ್ಷಗಳಲ್ಲಿ ಅರ್ಧಪಾಲು ಬರದ ವರ್ಷಗಳೇ ಆಗಿದ್ದರೆ ಅವು ಇಪ್ಪತ್ತು ವರ್ಷಕ್ಕೊಮ್ಮೆ ಕೂಡುತ್ತವೆ. ಕಾರಣಗಳನ್ನು ಬೇರೆಬೇರೆಯಾಗಿ ಎಣಿಸುವ ಇತಿಹಾಸಕಾರನು ನೂರು ವರ್ಷಕ್ಕೊಮ್ಮೆಯ ದುರ್ದೈವವೆಂದು ಬರೆಯುವುದು, ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಮೂರು ನಾಲ್ಕು ಸಲ ಬರಬಹುದಾದ ಸಂಗತಿಯಾಗಿರಬಹುದು.

ಎರಡನೆಯದು, ಅತಿ ಬಿಸಿಲಿನ ಬೇಸಗೆಯನ್ನು ಅತಿವೃಷ್ಟಿಯ ಮಳೆಗಾಲ ಹಿಂಬಾಲಿಸುವುದು. ಇಲ್ಲಿ ಸಂಬಂಧ ಅಷ್ಟು ನೇರವಲ್ಲ. ತಾಪ ಒಂದು ಡಿಗ್ರಿ ಏರಿದರೆ ಗಾಳಿಯು ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲುದು. ಆದುದರಿಂದ ಮಳೆ ಬೀಳುವಾಗ ಹೆಚ್ಚು ರಭಸದಿಂದ ಬೀಳಬಹುದು. ಆದರೆ ಬೇಸಗೆ ಸುಟ್ಟ ವರ್ಷಗಳೆಲ್ಲ ಮಳೆಗಾಲದಲ್ಲಿ ಮುಳುಗುವುದಿಲ್ಲ. 2015 ರ ಜೂನ್ ತಿಂಗಳಲ್ಲಿ ಕರಾಚಿಯ ಬಿಸಿಲು ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಆ ವರ್ಷ 2010 ರಂಥ ಮಹಾಪ್ರವಾಹವೇನೂ ಸಿಂಧ್ ಅನ್ನು ಕವಿಯಲಿಲ್ಲ.

ಮೂರನೆಯದು, ಬಿಸಿಲೂ ತೇವವೂ ಒಂದೇ ಗಳಿಗೆಯಲ್ಲಿ ದೇಹವನ್ನು ಮುತ್ತುವುದು. ಬಲ್ಬಿಗೆ ಒದ್ದೆ ಬಟ್ಟೆಯನ್ನು ಸುತ್ತಿದ ಉಷ್ಣಮಾಪಕ 35 ಡಿಗ್ರಿಯನ್ನು ತೋರಿಸಿದರೆ, ಬೆವರು ಆರಿ ದೇಹ ತಣಿಯುವ ದಾರಿ ಮುಚ್ಚಿಹೋಗುತ್ತದೆಂದು ಶೆರ್ವುಡ್ ಮತ್ತು ಹ್ಯೂಬರ್ 2010 ರಲ್ಲಿ ವಾದಿಸಿದರು. ಆ ಮಿತಿಯನ್ನು ಸ್ವಲ್ಪ ಕಾಲವಾದರೂ ಮುಟ್ಟಿದ ಲೋಕದ ಕೆಲವೇ ಸ್ಥಳಗಳಲ್ಲಿ ಜೇಕೋಬಾಬಾದ್ ಒಂದೆಂದು 2020 ರ ಅಧ್ಯಯನವೊಂದು ತೋರಿಸಿದೆ.

6

ಈ ವಿಂಗಡಣೆಯನ್ನು ಮನಸ್ಸಿನಲ್ಲಿಟ್ಟು ಇತ್ತೀಚಿನ ಮೂರು ವರ್ಷಗಳನ್ನು ನೋಡೋಣ.

2010 ರ ಮೇ 26 ರಂದು ಮೊಹೆಂಜೊದಾರೊವಿನಲ್ಲಿ 53.5 ಡಿಗ್ರಿ ತಾಪವನ್ನು ಪಾಕಿಸ್ತಾನದ ಹವಾಮಾನ ಇಲಾಖೆ ದಾಖಲಿಸಿತು. ಎರಡು ತಿಂಗಳ ತರುವಾಯ, ಜುಲೈ ಕೊನೆಯಲ್ಲಿ, ದೂರದ ಉತ್ತರದ ಬೆಟ್ಟನಾಡಿನಲ್ಲಿ ಅಸಾಧಾರಣ ಮಳೆ ಸುರಿಯಿತು. ಆ ನೀರು ನದಿಯಲ್ಲಿ ಇಳಿದು ಬಂದು, ಆಗಸ್ಟಿನಲ್ಲಿ ಗುಡ್ಡು ಮತ್ತು ಸುಕ್ಕೂರು ಅಣೆಕಟ್ಟುಗಳ ನಡುವೆ ತೋರಿ ಎಂಬಲ್ಲಿ ಏರಿ ಒಡೆದು, ಬಲದಂಡೆಯ ಬಯಲನ್ನು ಕವಿಯಿತು. ದೇಶದಲ್ಲಿ ಸುಮಾರು ಎರಡು ಕೋಟಿ ಜನ ಸಂಕಟಕ್ಕೀಡಾದರು. ಇದು ಅರಿಸ್ಟೋಬುಲಸನ ಚಿತ್ರಕ್ಕೆ ಸರಿಹೊಂದುತ್ತದೆ: ಮಳೆ ಬೆಟ್ಟದಲ್ಲಿ, ನೀರು ಬಯಲಿನಲ್ಲಿ.

2011 ರಲ್ಲಿ ನಡೆದುದೇ ಬೇರೆ. ನದಿಯು ತನ್ನ ಪಾತ್ರದಲ್ಲಿಯೇ ಇದ್ದಾಗ ಬದೀನ್, ಮೀರ್‌ಪುರ್ ಖಾಸ್ ಮುಂತಾದ ದಕ್ಷಿಣದ ಜಿಲ್ಲೆಗಳ ಮೇಲೆ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಮಳೆ ನೇರವಾಗಿ ಸುರಿದು ಲಕ್ಷಾಂತರ ಜನರನ್ನು ನಿರಾಶ್ರಿತರನ್ನಾಗಿ ಮಾಡಿತು.

2022 ರಲ್ಲಿ ಈ ಎಲ್ಲ ಅರ್ಥಗಳೂ ಒಂದೆಡೆ ಸೇರಿದುವು. ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಭಾರತ ಮತ್ತು ಪಾಕಿಸ್ತಾನಗಳ ವಾಯವ್ಯ ಭಾಗವು ಮಳೆಯಿಲ್ಲದೆ ಕಾಯಿತು. ಕಾಳುಕಟ್ಟುವ ಹೊತ್ತಿನಲ್ಲಿ ಗೋಧಿ ಸೊರಗಿತು. ಮೇ 13 ರಂದು ಭಾರತ ಸರ್ಕಾರ ಗೋಧಿಯ ರಫ್ತನ್ನು ನಿಷೇಧಿಸಿತು. ಮರುದಿನ ಜೇಕೋಬಾಬಾದಿನಲ್ಲಿ ತಾಪ 51 ಡಿಗ್ರಿಗೆ ಏರಿತು. ಆಗಸ್ಟಿನಲ್ಲಿ ಸಿಂಧ್ ಪ್ರಾಂತಕ್ಕೆ ಆ ತಿಂಗಳ ವಾಡಿಕೆಯ ಮಳೆಯ ಸುಮಾರು ಏಳೆಂಟು ಪಟ್ಟು ಸುರಿಯಿತು. ಆಗಸ್ಟ್ 16 ರಿಂದ 26 ರವರೆಗೆ ಮೊಹೆಂಜೊದಾರೊವಿನಲ್ಲಿ ಸುಮಾರು 780 ಮಿಲಿಮೀಟರ್ ಮಳೆಯಾಗಿ ಉತ್ಖನನದ ಕೆಲವು ಗೋಡೆಗಳು ಕುಸಿದುವು. ಹತ್ತಿ ಮತ್ತು ಬತ್ತದ ಬೆಳೆ ನೀರಿನಲ್ಲಿ ನಿಂತಿತು. ನೀರು ಇಳಿಯದ ಹೊಲಗಳಲ್ಲಿ ಮುಂದಿನ ಗೋಧಿಯ ಬಿತ್ತನೆಗೂ ಅಡ್ಡಿಯಾಯಿತು. ದೇಶದಲ್ಲಿ 1700 ಕ್ಕೂ ಹೆಚ್ಚು ಜನ ಸತ್ತರು. ಮೂರು ಕೋಟಿ ಮೂವತ್ತು ಲಕ್ಷ ಜನ ತೊಂದರೆಗೀಡಾದರು. ಏರಿಗಳ ಮೇಲೆ ಆಶ್ರಯ ಪಡೆದವರಲ್ಲಿ ಮಲೇರಿಯಾ ಹರಡಿತು.

ಈ ವರ್ಷವನ್ನು ಪ್ರವಾಹದ ವರ್ಷವೆಂದು ಬರೆದರೆ ಅರ್ಧ ಇತಿಹಾಸವನ್ನು ಬರೆದಂತಾಯಿತು. ಸುಗ್ಗಿಯ ಬೆಳೆಯನ್ನು ಬಿಸಿಲು ಕೆಡಿಸಿದ್ದರೂ ಮಳೆಗಾಲದ ಬೆಳೆಯಿಂದ ಮನೆ ನಿಲ್ಲಬಹುದಾಗಿತ್ತು. ಮಳೆಗಾಲದ ಬೆಳೆಯನ್ನು ನೀರು ಕೆಡಿಸಿದ್ದರೂ ಕಣಜದಲ್ಲಿ ಗೋಧಿಯಿದ್ದರೆ ಹೇಗೋ ತಡೆದುಕೊಳ್ಳಬಹುದಾಗಿತ್ತು. ಒಂದು ಇನ್ನೊಂದರ ಆಸರೆಯನ್ನು ಮೊದಲೇ ಕಿತ್ತುಹಾಕಿದ್ದುದೇ ಆ ವರ್ಷದ ಸಂಕಟದ ತಿರುಳು. ಹಾನಿಗಳ ಮೊತ್ತ ಇಲ್ಲಿ ಕೂಡುವ ಲೆಕ್ಕದಿಂದ ಬರುವುದಿಲ್ಲ.

ಹಾಗೆಂದು ಎಲ್ಲವನ್ನೂ ಬಾನಿನ ಮೇಲೆ ಹೊರಿಸುವುದೂ ಸಲ್ಲದು. ಬಿದ್ದ ಮಳೆ ತಿಂಗಳುಗಟ್ಟಲೆ ನಿಂತುದಕ್ಕೆ ಬಯಲಿನ ಚಪ್ಪಟೆತನ ಎಷ್ಟು ಕಾರಣವೋ, ನದಿಯೇರಿಗಳು, ಕಾಲುವೆಯ ದಂಡೆಗಳು, ರಸ್ತೆ ಮತ್ತು ರೈಲುದಾರಿಯ ದಿಬ್ಬಗಳು ನೀರಿನ ಹಳೆಯ ಹಾದಿಗಳನ್ನು ಕಡಿದುಹಾಕಿರುವುದೂ ಅಷ್ಟೇ ಕಾರಣ. 1932 ರಲ್ಲಿ ಸುಕ್ಕೂರು ಅಣೆಕಟ್ಟು ಪ್ರಾರಂಭವಾದ ಮೇಲೆ ವರ್ಷವಿಡೀ ನೀರಾವರಿ ದೊರೆತು ಬೇಸಾಯ ಬೆಳೆಯಿತು. ಅದರ ಬೆನ್ನಿಗೇ ಅಂತರ್ಜಲ ಮೇಲೇರಿ ಜೌಗೂ ಚೌಳೂ ಹರಡಿದುವು. 2022 ರ ಸೆಪ್ಟೆಂಬರಿನಲ್ಲಿ ಸೆಹ್ವಾನ್ ಪಟ್ಟಣವನ್ನು ಉಳಿಸುವುದಕ್ಕಾಗಿ ಮಂಛರ್ ಸರೋವರದ ಏರಿಯನ್ನು ಅಧಿಕಾರಿಗಳೇ ಕಡಿಸಿದರು. ಆ ನೀರು ಹಳ್ಳಿಗಳ ಮೇಲೆ ಹರಿಯಿತು. ಯಾರು ಮುಳುಗಬೇಕೆಂಬುದನ್ನು ಅಲ್ಲಿ ನಿರ್ಣಯಿಸಿದುದು ಮಳೆಯಲ್ಲ.

ವಾಯುಗುಣದ ಬದಲಾವಣೆಯ ಪಾಲು ಎಷ್ಟು? ವಿಜ್ಞಾನಿಗಳ ತಂಡವೊಂದು 2022 ರ ಬಿಸಿಲು ಮಾನವಕೃತ ತಾಪವೃದ್ಧಿಯಿಂದ ಸುಮಾರು ಮೂವತ್ತು ಪಟ್ಟು ಹೆಚ್ಚು ಸಂಭವನೀಯವಾಯಿತೆಂದು ಅಂದಾಜು ಮಾಡಿತು. ಸಿಂಧ್ ಮತ್ತು ಬಲೂಚಿಸ್ತಾನಗಳ ಐದು ದಿನಗಳ ಅತಿವೃಷ್ಟಿಯ ಪ್ರಮಾಣ ನೂರಕ್ಕೆ ಐವತ್ತರವರೆಗೆ ಹೆಚ್ಚಿರಬಹುದೆಂದು ಹೇಳಿ, ಈ ಅಂದಾಜಿನಲ್ಲಿ ಅನಿಶ್ಚಯ ಬಹಳವೆಂಬುದನ್ನೂ ಒಪ್ಪಿಕೊಂಡಿತು. ಬಿಸಿಲಿನ ವಿಷಯದಲ್ಲಿ ದೃಢವಾಗಿಯೂ ಮಳೆಯ ವಿಷಯದಲ್ಲಿ ಎಚ್ಚರದಿಂದಲೂ ಮಾತನಾಡಿದ ಈ ಕ್ರಮ ಇತಿಹಾಸಕಾರರಿಗೂ ಅನುಕರಣೀಯ.

7

ಇಷ್ಟರಿಂದ ಕ್ರಿ. ಪೂ. 1900 ರ ಸುಮಾರಿನಲ್ಲಿ ಮೊಹೆಂಜೊದಾರೊ ಪಾಳುಬಿದ್ದುದು ಇಂಥದೇ ವರ್ಷಗಳಿಂದ ಎಂದು ತೀರ್ಮಾನಿಸಿದರೆ ಅದು ದುಡುಕು. ಇಂದಿನ ತಾಪವೃದ್ಧಿ ಅಂದು ಇರಲಿಲ್ಲ. ಇಂದಿನ ಏರಿಕಾಲುವೆಗಳೂ ಅಂದು ಇರಲಿಲ್ಲ. 2022 ನಮಗೆ ಕೊಡುವುದು ಪ್ರಮಾಣವನ್ನಲ್ಲ, ಪ್ರಶ್ನೆಗಳನ್ನು. ಸಿಂಧ್‌ನ ಬಯಲಿನಲ್ಲಿ ನದಿಯ ನೆರವಿಲ್ಲದೆಯೇ ಮಹಾಜಲ ನಿಲ್ಲಬಹುದೆಂಬುದು ಈಗ ಕಣ್ಣೆದುರಿನ ಸಂಗತಿ. ಆದಕಾರಣ, ಹೂಳಿನ ಒಂದೊಂದು ಪದರವನ್ನೂ ನದಿಯ ಪ್ರವಾಹವೆಂದೋ, ನದಿಯ ಪ್ರವಾಹವಲ್ಲದ್ದನ್ನೆಲ್ಲ ಶುಷ್ಕತೆಯ ಗುರುತೆಂದೋ ಓದುವುದು ಇನ್ನು ಸಾಧ್ಯವಿಲ್ಲ.

ಇದೇ ದೃಷ್ಟಿಯಿಂದ ನಗರದ ಕಟ್ಟಡಗಳನ್ನೂ ಪುನಃ ಓದಬೇಕಾಗಿದೆ. ಮೊಹೆಂಜೊದಾರೊವಿನಲ್ಲಿ ಬೃಹತ್ತಾದ ಇಟ್ಟಿಗೆಯ ಜಗಲಿಗಳಿವೆ. ಯಾನ್ಸನ್ ಎಂಬ ಜರ್ಮನ್ ವಿದ್ವಾಂಸರ ಅಂದಾಜಿನಂತೆ ಅಲ್ಲಿ ಸುಮಾರು ಏಳುನೂರು ಬಾವಿಗಳಿದ್ದುವು. ಜಗಲಿಯನ್ನು ಪ್ರವಾಹದ ಅಧ್ಯಾಯದಲ್ಲಿಯೂ ಬಾವಿಯನ್ನು ಪೌರಸೌಕರ್ಯದ ಅಧ್ಯಾಯದಲ್ಲಿಯೂ ವಿವರಿಸುವುದು ಪಠ್ಯಪುಸ್ತಕಗಳ ಪದ್ಧತಿ. ಅವೆರಡನ್ನೂ ಕಟ್ಟಿದವರು ಒಂದೇ ಜನ. ನೀರು ಏರಿ ಬರುವ ತಿಂಗಳೂ ನೀರು ದೊರೆಯದ ತಿಂಗಳೂ ಒಂದೇ ವರ್ಷದಲ್ಲಿ ಬರುವ ನಾಡಿನಲ್ಲಿ ಅವರು ಮನೆ ಮಾಡಿದ್ದರು. ಜಗಲಿ ಬಾವಿಗಳನ್ನು ಒಂದೇ ಅಧ್ಯಾಯದಲ್ಲಿ ಇಟ್ಟು ನೋಡಿದರೆ, ಅವನತಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಹೊಳೆಯುತ್ತದೆ: ಇಂಥ ನೆಲದಲ್ಲಿ ಐದಾರು ನೂರು ವರ್ಷ ಅವರು ಉಳಿದುದು ಹೇಗೆ?

ಆ ನಗರದ ಅವಶೇಷಗಳೇ ಈ ವಿಚಾರಕ್ಕೆ ಉತ್ತಮ ಪಾಠವಾಗಿವೆ. ಗೋಡೆಗಳನ್ನು ತಿನ್ನುತ್ತಿರುವ ರೋಗ ಲವಣ. ನೆಲದ ತೇವ ಉಪ್ಪನ್ನು ಕರಗಿಸಿಕೊಂಡು ಇಟ್ಟಿಗೆಯೊಳಗೆ ಏರುತ್ತದೆ. ಬಿಸಿಲು ನೀರನ್ನು ಹೀರುತ್ತದೆ. ಹಿಂದುಳಿದ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪುಡಿಮಾಡುತ್ತದೆ. ತೇವವಿಲ್ಲದೆ ಬಿಸಿಲೊಂದೇ ಇದ್ದಿದ್ದರೆ ಆ ಗೋಡೆ ಉಳಿಯುತ್ತಿತ್ತು. ಬಿಸಿಲಿಲ್ಲದೆ ತೇವವೊಂದೇ ಇದ್ದಿದ್ದರೂ ಉಪ್ಪು ಹೀಗೆ ಹರಳುಗಟ್ಟುತ್ತಿರಲಿಲ್ಲ. ಗೋಡೆಯ ನಾಶಕ್ಕೆ ಬಿಸಿಲು ಎಷ್ಟು ಪಾಲು, ನೀರು ಎಷ್ಟು ಪಾಲು ಎಂದು ಹಂಚಿ ಹೇಳುವುದಕ್ಕೆ ಅರ್ಥವಿಲ್ಲ.

8

ನಮ್ಮ ವಿಮರ್ಶೆಯ ಫಲಿತಾಂಶವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ವಾಯುಗುಣವನ್ನು ಕಾರಣವೆಂದು ಮುಂದಿಡುವ ಯಾವ ಇತಿಹಾಸಗ್ರಂಥಕ್ಕಾದರೂ ನಾಲ್ಕು ಪ್ರಶ್ನೆಗಳನ್ನು ಹಾಕಬೇಕು. ಅದು ಹೇಳುತ್ತಿರುವುದು ಸರಾಸರಿಯನ್ನೋ ಅತಿರೇಕವನ್ನೋ? ಬಿಸಿಲು ಮಳೆಗಳು ಬಂದ ಕ್ರಮ ಯಾವುದು, ಅವುಗಳ ನಡುವೆ ಎಷ್ಟು ಕಾಲವಿತ್ತು? ಮಳೆ ಬಿದ್ದುದು ಎಲ್ಲಿ, ನೀರು ನಿಂತುದು ಎಲ್ಲಿ? ಬಿದ್ದುದನ್ನು ಹೊರಸಾಗಿಸುವ ಅಥವಾ ತಡೆಹಿಡಿಯುವ ಏರ್ಪಾಟನ್ನು ಮಾಡಿದ್ದವರು ಯಾರು? ಮಾರ್ಷಲರಿಂದ ಲ್ಯಾಂಬ್ರಿಕ್ಕರವರೆಗಿನ ಗ್ರಂಥಗಳು ಮೂರನೆಯ ಪ್ರಶ್ನೆಗೆ ಮಾತ್ರ ತಕ್ಕಮಟ್ಟಿನ ಉತ್ತರವನ್ನು ಕೊಡುತ್ತವೆ. ಕೆರೆಯ ಕೆಸರನ್ನು ಓದುವ ಹೊಸ ಅಧ್ಯಯನಗಳು ಸರಾಸರಿಯನ್ನು ಬಹಳ ಚೆನ್ನಾಗಿ ಹೇಳಿ, ಎರಡನೆಯ ಪ್ರಶ್ನೆಯ ಮುಂದೆ ನಿಂತುಬಿಡುತ್ತವೆ. ನಾಲ್ಕನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದವರು ಇತಿಹಾಸಕಾರರೇ. ಅದನ್ನು ನಾವು ವಿಜ್ಞಾನಿಗಳಿಗೆ ಬಿಟ್ಟುಕೊಡುವಂತಿಲ್ಲ.

ಅಧ್ಯಾಪಕರು ಕಾರಣಗಳ ಪಟ್ಟಿಯನ್ನು ಒಮ್ಮೆಗೇ ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಪರೀಕ್ಷೆಯ ಅಗತ್ಯಗಳು ನಮಗೂ ತಿಳಿದಿವೆ. ಆದರೆ ಐದು ಕಾರಣಗಳನ್ನು ಬರೆಸಿದ ಮೇಲೆ, ಅವುಗಳಲ್ಲಿ ಯಾವ ಎರಡು ಜತೆಗೂಡಿದರೆ ಏನಾಗಬಹುದು ಎಂದು ವಿದ್ಯಾರ್ಥಿಯನ್ನು ಒಂದು ಪ್ರಶ್ನೆ ಕೇಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ 2022 ರ ಸಿಂಧ್‌ನ ರೈತನೊಬ್ಬನ ಎರಡು ಬೆಳೆಗಳ ಸಂಗತಿಯನ್ನು ಮುಂದಿಟ್ಟರೆ, ನಾಲ್ಕು ಸಾವಿರ ವರ್ಷಗಳ ಹಿಂದಿನ ನಗರದ ಕಣಜವನ್ನು ಕುರಿತು ಆಲೋಚಿಸಲು ಅವನಿಗೆ ದಾರಿ ದೊರೆಯುತ್ತದೆ.